ಗೋಬರ್ ಗ್ಯಾಸಿನ ಮೇಲೊಂದು ಗೀಟು

ನಿನ್ನೆ ಸಿಂಧನೂರಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಹೋಗಬಾರದಿತ್ತು. ನಿವೃತ್ತನಾದರೂ ಮೇಷ್ಟರ ಚಟ ಬಿಡುವುದಿಲ್ಲ, ನಿಮಗೆ ಗೊತ್ತೇ ಇದೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎಣ್ಣೆಯ ಡಬ್ಬಿಗೆ ಸಗಣಿ ತುಂಬಿ ಗೋಬರ್ ಗ್ಯಾಸ್ ಮಾದರಿ ಮಾಡಿದ್ದಳು. ಮೇಲೆ ಕಟ್ಟಿದ ಸೈಕಲ್ ಟ್ಯೂಬು ಉಬ್ಬಿ ಕೂತಿತ್ತು. ಚಾರ್ಟಿನಲ್ಲಿ ‘ಮೀಥೇನ್ ತಯಾರಿಸುವುದು ಆರ್ಕಿಯಾ, ಬ್ಯಾಕ್ಟೀರಿಯಾ ಅಲ್ಲ’ ಎಂದಿತ್ತು. ಆರ್ಕಿಯಾ ಎಂದರೆ ನೋಡಲು ಬ್ಯಾಕ್ಟೀರಿಯಾದಂತೆಯೇ ಇದ್ದರೂ ಬೇರೆಯೇ ವಂಶದ ಸೂಕ್ಷ್ಮಜೀವಿಗಳು. ತೀರ್ಪುಗಾರ ಮಹಾಶಯರು ಓದಿದರು, ನಕ್ಕರು. ‘ಪುಸ್ತಕದಲ್ಲಿರುವುದು ಜೀವಿಗಳ ಐದೇ ಸಾಮ್ರಾಜ್ಯ. ಇದನ್ನು ಎಲ್ಲಿಂದ ತಂದೆ?’ ಎಂದವರೇ ‘ಅಲ್ಲ’ದ ಮೇಲೆ ಗೀಟು ಎಳೆದರು!

ಎಲ್ಲಿಂದ ತಂದಳು? ಕಾರ್ಲ್ ವೋಸ್ ಎಂಬ ಪುಣ್ಯಾತ್ಮನಿಂದ. ಗಣಿತ, ಭೌತಶಾಸ್ತ್ರ ಓದಿದ ಆಸಾಮಿ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಸೇರಿ, ಸೂಕ್ಷ್ಮಜೀವಿಗಳ ವಂಶಾವಳಿ ಹುಡುಕುತ್ತ ಕೂತ. ರೂಪ ನೋಡಿ ಜಾತಿ ಹೇಳುವ ಪದ್ಧತಿ ಬಿಟ್ಟು, ಪ್ರತಿ ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎಯನ್ನು ಹಿಡಿದ. ಅದಕ್ಕೆ ವಿಕಿರಣಶೀಲ ರಂಜಕ ಸೇರಿಸಿ, ಕಿಣ್ವದಿಂದ ತುಂಡರಿಸಿ, ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡಿದ ಕಪ್ಪು ಚುಕ್ಕೆಗಳನ್ನು ದೀಪದ ಮೇಜಿಗೆ ಬಗ್ಗಿ ವರ್ಷಗಟ್ಟಲೆ ಓದಿದ. ಸಹೋದ್ಯೋಗಿ ರಾಲ್ಫ್ ವುಲ್ಫ್ ಕೊಟ್ಟ ಮೀಥೇನ್ ಜೀವಿಗಳ ಸರದಿ ಬಂದಾಗ, ಬ್ಯಾಕ್ಟೀರಿಯಾದಲ್ಲಿ ಇರಲೇಬೇಕಾದ ಚುಕ್ಕೆಗಳು ಕಾಣಲಿಲ್ಲ. 1977ರಲ್ಲಿ ಜಾರ್ಜ್ ಫಾಕ್ಸ್ ಜೊತೆ ಪ್ರಕಟಿಸಿದ: ಇದು ಬೇರೆಯೇ ಕುಲ. ಅದೇ ಈ ಆರ್ಕಿಯಾ.

ಆಗಲೂ ಗೀಟು ಎಳೆಯುವವರಿಗೆ ಬರವಿರಲಿಲ್ಲ. ನೊಬೆಲ್ ಪಡೆದ ಲೂರಿಯಾ, ಈ ಹುಚ್ಚಾಟದಿಂದ ದೂರವಿರು ಎಂದು ವುಲ್ಫ್‌ಗೆ ಫೋನಿನಲ್ಲೇ ಗದರಿದರು. 1998ರಷ್ಟು ತಡವಾಗಿಯೂ ಹೆಸರಾಂತ ಜೀವವಿಕಾಸ ವಿಜ್ಞಾನಿ ಅರ್ನ್ಸ್ಟ್ ಮೇಯರ್, ವೋಸ್ ಜೀವಶಾಸ್ತ್ರದ ತರಬೇತಿ ಪಡೆದವನಲ್ಲ ಎಂದು ಬರೆದರು. ನಮ್ಮ ತೀರ್ಪುಗಾರರದ್ದು ದೊಡ್ಡ ಪರಂಪರೆ ಬಿಡಿ! ವೋಸ್‌ಗೆ 2003ರಲ್ಲಿ ಕ್ರಫೋರ್ಡ್ ಪ್ರಶಸ್ತಿ ಬಂತು, ನೊಬೆಲ್ ಬರಲಿಲ್ಲ, 2012ರಲ್ಲಿ ತೀರಿಕೊಂಡ.

‘ಮಕ್ಕಳಿಗೆ ಸರಳವಾಗಿರಲಿ, ಪರೀಕ್ಷೆಗೆ ಐದೇ ಸಾಕು’ ಎನ್ನುವಿರಿ. ಆ ಐದು ವಿಟೇಕರ್ ಎಂಬ ಅಮೆರಿಕದ ಜೀವವಿಜ್ಞಾನಿ 1969ರಲ್ಲಿ ಹಾಕಿದ ಲೆಕ್ಕ. ಬಿತ್ತನೆ ಬೀಜ ಮಾತ್ರ ಪ್ರತಿ ವರ್ಷ ಹೊಸದೇ ಬೇಕು ನಮಗೆ! ಇಲ್ಲಿನ ಮಕ್ಕಳಿಗೆ ಇದು ದೂರದ ವಿಷಯವೂ ಅಲ್ಲ. ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟರೆ ಕೆಸರಿನಿಂದ ಬುಳುಬುಳು ಗುಳ್ಳೆ ಏಳುತ್ತದಲ್ಲ, ಅದರಲ್ಲೂ ಇದೇ ಮೀಥೇನ್. ಗಾಳಿಯಾಡದ ಆ ಕೆಸರೇ ಆರ್ಕಿಯಾದ ತವರು.

ಇಷ್ಟು ಸಿಟ್ಟೇಕೆ ಎಂದರೆ, ಆ ಗೀಟು ನನ್ನದೂ ಹೌದು. ಹಿಂದೊಮ್ಮೆ ಉತ್ತರಪತ್ರಿಕೆಯಲ್ಲಿ ಹುಡುಗನೊಬ್ಬ ‘ಮೂರು ಡೊಮೇನ್’ ಎಂದು ಬರೆದಿದ್ದ. ಜೀವಲೋಕದ ಮೂರು ದೊಡ್ಡ ವಿಭಾಗ ಎಂದರ್ಥ: ಬ್ಯಾಕ್ಟೀರಿಯಾ, ಆರ್ಕಿಯಾ, ಮತ್ತು ನಾವು, ಗಿಡಮರ, ಅಣಬೆಗಳೆಲ್ಲ ಸೇರುವ ಯೂಕಾರ್ಯ. ಕೆಂಪು ಶಾಯಿಯಲ್ಲಿ ಹೊಡೆದು, ‘ಅಧಿಕಪ್ರಸಂಗ’ ಎಂದು ಪಕ್ಕದಲ್ಲಿ ಬರೆದಿದ್ದೆ. ವೋಸ್ ಮತ್ತು ಸಂಗಡಿಗರು ಆ ಮೂರನ್ನು 1990ರಲ್ಲೇ ಹೆಸರಿಟ್ಟು ಮುಂದಿಟ್ಟಿದ್ದರು. ನಾನು ಓದಿರಲಿಲ್ಲ, ಅಷ್ಟೇ. ಅವನು ಈಗ ಇಲ್ಲೇ ಔಷಧದ ಅಂಗಡಿ ಇಟ್ಟಿದ್ದಾನೆ. ಪ್ರತಿ ತಿಂಗಳು ಅವನ ಬಳಿಯೇ ಬಿಪಿ ಮಾತ್ರೆ ತರುತ್ತೇನೆ. ‘ಸರ್’ ಎಂದು ಎದ್ದು ನಿಲ್ಲುತ್ತಾನೆ. ಇದುವರೆಗೂ ಹೇಳಲು ಆಗಿಲ್ಲ.