ದಿನ ತುಂಬುವ ಮುಂಚೆ ಹೆರಿಗೆ ನೋವು ಬಂದರೆ ಡೆಕ್ಸಾ (ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಹಾಕುವ ಡೆಕ್ಸಾಮೆಥಾಸೋನ್ ಸೂಜಿ) ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲೇ ಕೊಡಬೇಕಾ?

ಪರ: ಮೂಡಿಗೆರೆ ಕಡೆಯ ನಿವೃತ್ತ ನರ್ಸ್

ಕೊಡಬೇಕು. ಅಲ್ಲೇ, ಆಗಲೇ.

ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶದಲ್ಲಿ ಕಾರ್ಟಿಸಾಲ್ ಹಾರ್ಮೋನು ಬಂದು ಕೂರುವ ರಿಸೆಪ್ಟರ್ ಇರುತ್ತದೆ. ಎನ್‌ಆರ್3ಸಿ1 ಅನ್ನುವ ಜೀನು ಅದನ್ನು ಮಾಡುತ್ತದೆ. ಹಾರ್ಮೋನು ಕೂತರೆ ಶ್ವಾಸಕೋಶ ಬಲಿಯುತ್ತದೆ, ಗಾಳಿಚೀಲಗಳು ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಹೆಚ್ಚುತ್ತದೆ. ಈ ಜೀನು ಕೆಡಿಸಿದ ಇಲಿಮರಿಗಳಲ್ಲಿ ಹೆಚ್ಚಿನವು ಹುಟ್ಟಿದ ಕೂಡಲೇ ಉಸಿರಾಡಲಾಗದೆ ಸತ್ತವು. ದಿನ ತುಂಬುತ್ತಾ ಬಂದಂತೆ ಕಾರ್ಟಿಸಾಲ್ ತಾನಾಗಿ ಏರುತ್ತದೆ. ಬೇಗ ಹುಟ್ಟುವ ಮಗುವಿಗೆ ಆ ಭಾಗ್ಯ ಇಲ್ಲ. ಡೆಕ್ಸಾಮೆಥಾಸೋನ್ ಅದೇ ರಿಸೆಪ್ಟರ್‌ನಲ್ಲಿ ಕೂತು ಅದೇ ಕೆಲಸ ಮಾಡುತ್ತದೆ. ಇದೇ ಜಾತಿಯ ಬೀಟಾಮೆಥಾಸೋನ್ ಕೊಟ್ಟು ಲಿಗಿನ್ಸ್ ಮತ್ತು ಹೋವಿ ಅನ್ನುವ ವೈದ್ಯರು ನ್ಯೂಜಿಲೆಂಡಿನಲ್ಲಿ 1972ರಲ್ಲೇ ಫಲ ತೋರಿಸಿದ್ದಾರೆ.

6 ಮಿಲಿಗ್ರಾಂ, 12 ಗಂಟೆಗೊಂದು, ಒಟ್ಟು ನಾಲ್ಕು. ಮದ್ದು ಕೆಲಸ ಮಾಡಲು ಹೊತ್ತು ಬೇಕು. ಅದಕ್ಕೇ ಮೊದಲ ಸೂಜಿ ನಮ್ಮ ಕೈಯಲ್ಲೇ ಆಗಬೇಕು.

ಬಾಳೂರು ಕಡೆ ಎಸ್ಟೇಟಿನ ಲೈನ್ ಮನೆಯ ಹುಡುಗಿ, ಏಳೂವರೆ ತಿಂಗಳು. ಆಷಾಢದ ಮಳೆ, ಮರ ಬಿದ್ದು ರಸ್ತೆ ಬಂದ್. ಅತ್ತೆಗೆ ಗಾಬರಿ: "ಸಿಸ್ಟರೇ, ಸೂಜಿ ಹಾಕಿದ್ರೆ ನೋವು ಜಾಸ್ತಿ ಆಗಲ್ವಾ?" ಮೊಬೈಲ್ ಬೆಳಕಲ್ಲಿ ತೊಡೆಗೆ ಚುಚ್ಚಿ, ಚೀಟಿಯಲ್ಲಿ ಹೊತ್ತು ಬರೆದು ಅವಳ ಸೆರಗಿಗೇ ಗಂಟು ಹಾಕಿದೆ. ಗರಗಸ ತಂದು ಮರ ಕೊಯ್ದು ಜೀಪು ಚಿಕ್ಕಮಗಳೂರು ಮುಟ್ಟುವಾಗ ಬೆಳಗಾಗಿತ್ತು. ಚೀಟಿ ನೋಡಿ ಎರಡನೇ ಡೋಸ್ ಅಲ್ಲೇ ಕೊಟ್ಟರು. ಹುಟ್ಟಿದ ಮಗು ಕಿರುಚಿ ಅತ್ತಿತಂತೆ. ಇನ್ನೇನು ಪುರಾವೆ ಬೇಕು?

ಬಸುರಿನ ತಿಂಗಳ ಲೆಕ್ಕ ತಪ್ಪುತ್ತದೆ ಅನ್ನುತ್ತಾರೆ. ನಾವೇನು ಎಣಿಸಲು ಬಾರದವರಾ? 2014ರಲ್ಲಿ ಕೇಂದ್ರ ಸರ್ಕಾರವೇ ನಮ್ಮಂಥ ನರ್ಸುಗಳಿಗೆ ಒಪ್ಪಿಗೆ ಕೊಟ್ಟಿದೆ.

ವಿರೋಧ: ಹಾಸನದ ಜೀವಶಾಸ್ತ್ರ ಉಪನ್ಯಾಸಕ

ಈ ಕಡೆಗೆ ಯಾರೂ ಸಿಗಲಿಲ್ಲವಂತೆ, ನನಗೆ ಬಂತು. ಆಸ್ಪತ್ರೆಯಲ್ಲಿ ಕೊಡಬೇಡಿ ಅಂತ ನಾನೂ ಹೇಳಲ್ಲ. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಡೆಕ್ಸಾದಿಂದ ಶಿಶು ಸಾವು ಇಳಿಯಿತು. ಒಪ್ಪಿದೆ.

ಆದರೆ 2015ರ ಪರೀಕ್ಷೆ ನೋಡಿ. ಆರು ದೇಶ, ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು. ಹಳ್ಳಿ ಮಟ್ಟದಲ್ಲಿ ಕೊಟ್ಟರು. ತೀರಾ ಕಡಿಮೆ ತೂಕದ ಶಿಶುಗಳ ಸಾವು ಇಳಿಯಲಿಲ್ಲ. ಎಲ್ಲ ಶಿಶುಗಳ ಲೆಕ್ಕ ಹಿಡಿದರೆ ಸ್ವಲ್ಪ ಏರಿತು. ತಾಯಂದಿರಲ್ಲಿ ಸೋಂಕು ಶಂಕೆಯೂ ಜಾಸ್ತಿ. ದಿನ ತುಂಬಿದ ಎಷ್ಟೋ ಬಸುರಿಯರಿಗೂ ಸೂಜಿ ಬಿದ್ದಿತ್ತು.

ಇನ್ನೊಂದು. ಶ್ವಾಸಕೋಶ, ಶ್ವಾಸಕೋಶ ಅಂತ ಒಂದೇ ಹಾಡು. ಆ ರಿಸೆಪ್ಟರ್ ಹೃದಯದ ಸ್ನಾಯುವಿನಲ್ಲೂ ಇದೆ. ಇಲಿಗಳಲ್ಲಿ ಗರ್ಭದೊಳಗಿನ ಮರಿಯ ಹೃದಯ ಬಲಿಯಲು ಅದೂ ಬೇಕು. ಮದ್ದಿಗೆ ವಿಳಾಸ ಬರೆದು ಕಳಿಸೋಕಾಗಲ್ಲ, ಮೈಯೆಲ್ಲ ಹೋಗುತ್ತದೆ. ಅಗತ್ಯವೇ ಇಲ್ಲದ ಮಗುವಿಗೆ ಯಾಕೆ? ಮೂಡಿಗೆರೆಯವರ ಪ್ರಕಾರ ಹೊಟ್ಟೆ ನೋವು ಅಂದವರಿಗೆಲ್ಲ ಒಂದೊಂದು ಚುಚ್ಚಿದರೆ ಆಯಿತೇನೋ.

ರಸ್ತೆ, ಮಳೆ, ಮರ ನನ್ನ ವಿಷಯವಲ್ಲ. ತಾಯಿ ಕಾರ್ಡಿನಲ್ಲಿ ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ತಾರೀಖು ಇದ್ದು, ಜ್ವರ ಇಲ್ಲದಿದ್ದರೆ, ಹೋಗಲಿ, ಒಂದು ಡೋಸ್ ಕೊಡಲಿ. ತಾರೀಖು ಇಲ್ಲವಾ? ಮೊದಲು ಗಾಡಿ ಕರೆಸಿ.