ನೆಟ್ ಬದಲಿಸುವಾಗ ನಡುವಿನ ಆ ನಾಲ್ಕು ದಿನ

ಮನೆಯ ಬ್ರಾಡ್‌ಬ್ಯಾಂಡ್ ಸರಿಯಿಲ್ಲ ಅಂತ ಬೈಯುವವರು ಬೇಕಾದಷ್ಟು ಜನ ಸಿಗುತ್ತಾರೆ, ಬದಲಿಸಿದವರು ಮಾತ್ರ ಅಪರೂಪ. ಯಾಕೆ ಬದಲಿಸಲಿಲ್ಲ ಅಂತ ಕೇಳಿ ನೋಡಿ, ಉತ್ತರ ಹೆಚ್ಚುಕಮ್ಮಿ ಒಂದೇ: "ನಡುವೆ ನಾಲ್ಕು ದಿನ ನೆಟ್ ಇಲ್ಲ ಅಂದ್ರೆ ಏನ್ ಮಾಡೋದು? ಆಫೀಸ್ ಮೀಟಿಂಗ್ ಇರುತ್ತೆ, ಮಕ್ಕಳ ಕ್ಲಾಸ್ ಇರುತ್ತೆ." ತಡೆಯುವುದು ದುಡ್ಡಿನ ಲೆಕ್ಕವೂ ಅಲ್ಲ, ಸ್ಪೀಡಿನ ಲೆಕ್ಕವೂ ಅಲ್ಲ, ಆ ನಾಲ್ಕು ದಿನದ ದಿಗಿಲು. ಕಸ್ಟಮರ್ ಕೇರ್‌ಗೆ ಫೋನು ಮಾಡಿ ಜಗಳವಾಡಿ, ಕೊನೆಗೆ ಹಳೆ ಗಂಡನ ಪಾದವೇ ಗತಿ ಅಂತ ಮತ್ತೆ ಅದೇ ಪ್ಲಾನ್ ರಿನ್ಯೂ ಮಾಡುತ್ತೇವೆ. ಕೆಟ್ಟ ಸೇವೆ ಕೊಡುವ ಕಂಪನಿಗಳು ನಿಂತಿರುವುದೇ ನಮ್ಮ ಈ ದಿಗಿಲಿನ ಮೇಲೆ ಅನ್ನುವುದು ನನ್ನ ಗಟ್ಟಿ ಅನುಮಾನ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು ನಿಮ್ಮ ಹಳೆ ನೆಟ್ಟೂ ಹೊಸ ನೆಟ್ಟೂ ಒಂದೇ ತಂತಿಯಲ್ಲಿ ಬರುತ್ತವೆಯೋ ಬೇರೆ ಬೇರೆಯೋ ಅನ್ನುವುದು. ಹೊಸ ಕಂಪನಿ ತನ್ನದೇ ಫೈಬರ್ ಎಳೆದು ತಂದು ತನ್ನದೇ ಪೆಟ್ಟಿಗೆ ಕೂರಿಸುವುದಾದರೆ ನಡುವೆ ಖಾಲಿ ದಿನ ಬರುವ ಕಾರಣವೇ ಇಲ್ಲ. ಎರಡೂ ಪೆಟ್ಟಿಗೆ ಅಕ್ಕಪಕ್ಕ ಕೂತು ಒಟ್ಟಿಗೇ ಕೆಲಸ ಮಾಡಬಲ್ಲವು. ಹೊಸದು ಬಂದು ಒಂದು ವಾರ ನೆಟ್ಟಗೆ ಓಡಿದ ಮೇಲೆ ಹಳೆಯದನ್ನು ಬಿಡಿಸಿದರಾಯಿತು. "ಎರಡಕ್ಕೂ ದುಡ್ಡು ಕೊಡಬೇಕಲ್ಲ" ಅನ್ನುವವರಿದ್ದಾರೆ. ಕೊಡಿ. ಹೊಸ ನೆಟ್ ಸಂಜೆ ಹೊತ್ತು ಕುಂಟುತ್ತದೆಯೇ, ಮಳೆ ಬಂದರೆ ಹೋಗುತ್ತದೆಯೇ ಅನ್ನುವುದೆಲ್ಲ ಗೊತ್ತಾಗುವುದು ಬಳಸಿದ ಮೇಲೇ. ಅದು ಗೊತ್ತಾಗುವ ಮುಂಚೆ ಹಳೆಯದನ್ನು ಕತ್ತರಿಸುವುದು ಉಳಿತಾಯ ಅಲ್ಲ.

ತೊಂದರೆ ಇರುವುದು ಒಂದೇ ತಂತಿಯನ್ನು ಹಂಚಿಕೊಳ್ಳುವ ಕಡೆ. ಹಳೆ ಟೆಲಿಫೋನ್ ತಾಮ್ರದ ಲೈನಿನಲ್ಲಿ ಬರುವ ಡಿಎಸ್‌ಎಲ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಜೋಡಿ ತಂತಿಯಲ್ಲಿ ಎರಡು ಕಂಪನಿಯ ಡಿಎಸ್‌ಎಲ್ ಒಟ್ಟಿಗೆ ಹರಿಯುವುದಿಲ್ಲ. ಒಬ್ಬರು ಬಿಟ್ಟ ಮೇಲೇ ಇನ್ನೊಬ್ಬರು ಹಿಡಿಯಬೇಕು, ನಡುವೆ ಎಷ್ಟು ಹೊತ್ತು ಹೋಗುತ್ತದೆ ಅನ್ನುವುದು ಆ ಇಬ್ಬರು ಎಷ್ಟು ಚೆನ್ನಾಗಿ ಮಾತಾಡಿಕೊಳ್ಳುತ್ತಾರೆ ಅನ್ನುವುದರ ಮೇಲೆ. ಇದನ್ನು ಕಂಪನಿಗಳ ಸೌಜನ್ಯಕ್ಕೆ ಬಿಡಬಾರದು, ಕಾನೂನೇ ಹೇಳಬೇಕು. ಐರೋಪ್ಯ ಒಕ್ಕೂಟ ಹೇಳಿದೆ. ಅವರ 2018ರ ಎಲೆಕ್ಟ್ರಾನಿಕ್ ಸಂಪರ್ಕ ಸಂಹಿತೆಯ 106ನೇ ವಿಧಿಯ ಪ್ರಕಾರ ಹೊಸ ಕಂಪನಿ ಚಾಲೂ ಮಾಡುವವರೆಗೆ ಹಳೆ ಕಂಪನಿ ಅದೇ ಷರತ್ತಿನಲ್ಲಿ ನೆಟ್ ಕೊಡುತ್ತಿರಬೇಕು, ನಡುವಿನ ಖಾಲಿ ಒಂದು ಕೆಲಸದ ದಿನವನ್ನು ಮೀರಬಾರದು. ಬ್ರಿಟನ್ನಿನಲ್ಲಿ 2024ರ ಸೆಪ್ಟೆಂಬರ್ 12ರಿಂದ 'ಒನ್ ಟಚ್ ಸ್ವಿಚ್' ಬಂದಿದೆ. ಗ್ರಾಹಕ ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯವರ ಜೊತೆ ವ್ಯವಹಾರ ಮುಗಿಸುವುದು ಅವರ ಕೆಲಸ. "ಯಾಕೆ ಬಿಡ್ತಾ ಇದ್ದೀರಾ ಸರ್, ಇನ್ನೊಂದು ಆಫರ್ ಇದೆ" ಅನ್ನುವ ಫೋನ್ ಕಾಲಿಗೆ ಕೂತು ಉತ್ತರ ಕೊಡುವ ಅಗತ್ಯ ಇಲ್ಲ. ಇದು ಎಲ್ಲ ಕಡೆ ಬರಬೇಕು ಅಂತ ನನ್ನ ವಾದ. ಬರುವ ತನಕ ಸೇತುವೆ ನಾವೇ ಕಟ್ಟಿಕೊಳ್ಳಬೇಕು.

ಸೇತುವೆ ಅಂದರೆ ಮೊಬೈಲ್ ನೆಟ್. "ಹಾಟ್‌ಸ್ಪಾಟ್ ಆನ್ ಮಾಡಿದರಾಯ್ತು" ಅಂತ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ. ಒಂದು ಗಂಟೆಗೆ ಸರಿ. ಮನೆಯಿಡೀ ಮೂರ್ನಾಲ್ಕು ದಿನ ಅದರ ಮೇಲೆ ನಡೆಯಬೇಕು ಅಂದಾಗ ಬೇರೆಯದೇ ಕಥೆ.

ಮೊದಲನೆಯದಾಗಿ, ದಿನಬಳಕೆಯ ಫೋನನ್ನು ಇದಕ್ಕೆ ಹಚ್ಚಬೇಡಿ. ನೀವು ಹೊರಗೆ ಹೋದರೆ ಮನೆಯ ನೆಟ್ಟೂ ನಿಮ್ಮ ಜೇಬಿನಲ್ಲಿ ಹೊರಟುಹೋಗುತ್ತದೆ. ವೋಲ್ಟೀ, ಅಂದರೆ 4ಜಿಯಲ್ಲೇ ಕಾಲ್ ಮಾಡುವ ವ್ಯವಸ್ಥೆ, ಇಲ್ಲದ ಕಡೆ ಕಾಲ್ ಬಂದರೆ 4ಜಿ ಫೋನು ಕಾಲಿಗೋಸ್ಕರ 3ಜಿಗೋ 2ಜಿಗೋ ಇಳಿಯುತ್ತದೆ. 2ಜಿಗೆ ಇಳಿದರೆ ಡೇಟಾ ನಿಂತೇ ಹೋಯಿತು ಅಂದುಕೊಳ್ಳಿ. ಎರಡು ಸಿಮ್ ಫೋನುಗಳಲ್ಲಿ ಇನ್ನೊಂದು ಸಿಮ್ಮಿಗೆ ಕಾಲ್ ಬಂದರೂ ಡೇಟಾ ಸಿಮ್ ಅನೇಕ ಸಲ ತಣ್ಣಗಾಗುತ್ತದೆ. ನೀವು ಹಲೋ ಅನ್ನುವ ಹೊತ್ತಿಗೆ ಒಳಗಿನ ಕೋಣೆಯಿಂದ "ನೆಟ್ ಹೋಯ್ತು" ಅಂತ ಕೂಗು. ಕಪಾಟಿನಲ್ಲಿ ಬಿದ್ದಿರುವ ಹಳೆ 4ಜಿ ಫೋನ್ ಇದ್ದರೆ ಅದಕ್ಕೊಂದು ಸಿಮ್ ಹಾಕಿ, ಒಂದೇ ಕಡೆ ಇಟ್ಟುಬಿಡಿ. ಬಹಳ ದಿನ ಬೇಕೆನಿಸಿದರೆ ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್ ಸಿಗುತ್ತದೆ, ಅದು ಫೋನಿನಷ್ಟು ಬಿಸಿಯಾಗುವುದಿಲ್ಲ. ಬರೀ ಒಂದು ಲ್ಯಾಪ್‌ಟಾಪಿಗೆ ಸಾಕು ಅಂದರೆ ಯುಎಸ್‌ಬಿ ಕೇಬಲ್ಲಿನಲ್ಲಿ ಟೆದರಿಂಗ್ ಮಾಡಿ, ಅಂದರೆ ಫೋನಿನ ನೆಟ್ಟನ್ನು ಕೇಬಲ್ಲಿನ ಮೂಲಕವೇ ಲ್ಯಾಪ್‌ಟಾಪಿಗೆ ಕೊಡಿ. ವೈಫೈಗಿಂತ ಸ್ಥಿರ, ಫೋನು ಚಾರ್ಜೂ ಆಗುತ್ತಿರುತ್ತದೆ.

ಇನ್ನು ಫೋನು ಎಲ್ಲಿಡಬೇಕು ಅನ್ನುವುದು. ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನನಗೋ ಇದೇ ಅತಿ ಮುಖ್ಯ ಅನಿಸುತ್ತದೆ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ನಮ್ಮ ಕಡೆಗೆ ಕೂಗುತ್ತದೆ. ನಮ್ಮ ಫೋನು ತಿರುಗಿ ಕೂಗುವುದು ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವ್ಯಾಟ್‌ನಲ್ಲಿ. ಹಾಗಾಗಿ ಗೋಡೆಗಳ ನಡುವೆ ಸಿಗ್ನಲ್ ಸೊರಗಿದಾಗ ಮೊದಲು ಸೋಲುವುದು ಅಪ್‌ಲೋಡ್. ಮೀಟಿಂಗಿನಲ್ಲಿ ನಿಮಗೆ ಎಲ್ಲರ ಮುಖವೂ ಸ್ಪಷ್ಟ, ಎಲ್ಲರ ಮಾತೂ ಸ್ಪಷ್ಟ. ಆದರೆ ಅವರಿಗೆ ಕಾಣುವುದು ಬಾಯಿ ಅರ್ಧ ತೆರೆದು ಸ್ತಬ್ಧವಾದ ನೀವು. "ನನ್ನ ಕಡೆ ಸರಿ ಇದೆ, ನಿಮ್ಮ ನೆಟ್ಟೇ ಸರಿ ಇಲ್ಲ" ಅಂತ ವಾದಿಸುವವರಲ್ಲಿ ಅರ್ಧ ಜನ ಈ ಗುಂಪಿನವರೇ ಇರಬೇಕು. ಫೋನನ್ನು ಕಿಟಕಿಯ ಹತ್ತಿರ ಇಡಿ, ಬಿಸಿಲು ಬೀಳದ ಕಡೆ. ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಫೋನು ಒಂದೊಂದು ಥರ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಅನ್ನುವ ಕಡೆ ಸಿಗ್ನಲ್ಲಿನ ಬಲ ಡಿಬಿಎಂ ಅನ್ನುವ ಅಳತೆಯಲ್ಲಿ ಸಿಗುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 110ರಿಂದ ಆಚೆಗೆ ಹೋದರೆ ಪರದಾಟ. ಅದರಲ್ಲಿ 10 ಕುಸಿದರೆ ಸಿಗ್ನಲ್ ಹತ್ತರಲ್ಲೊಂದು ಪಾಲಿಗೆ ಇಳಿದಂತೆ. ಸೋಫಾದಿಂದ ಕಿಟಕಿಗೆ ಹೋಗುವಷ್ಟರಲ್ಲಿ ಅಷ್ಟು ವ್ಯತ್ಯಾಸ ಬಂದರೆ ಆಶ್ಚರ್ಯಪಡಬೇಡಿ.

ಈ ಪರೀಕ್ಷೆಯನ್ನೆಲ್ಲ ಹಳೆ ನೆಟ್ ಜೀವಂತ ಇರುವಾಗಲೇ ಮಾಡಬೇಕು, ಅದೂ ರಾತ್ರಿ ಎಂಟೊಂಬತ್ತರ ಸುಮಾರಿಗೆ. ಬೆಳಿಗ್ಗೆ ಐದಕ್ಕೆ ಯಾವ ಟವರಾದರೂ ಚೆನ್ನಾಗಿಯೇ ಓಡುತ್ತದೆ.

ಡೇಟಾ ಲೆಕ್ಕ ಸರಳ. ಎಚ್‌ಡಿ ವಿಡಿಯೋ ಗಂಟೆಗೆ 3 ಜಿಬಿವರೆಗೆ ನುಂಗುತ್ತದೆ, 4ಕೆ ಆದರೆ 7 ಜಿಬಿ ಮುಟ್ಟುತ್ತದೆ. ಅದೇ ಸಾಧಾರಣ ಗುಣಮಟ್ಟಕ್ಕೆ ಇಳಿಸಿದರೆ 1 ಜಿಬಿ ಒಳಗೆ ಮುಗಿಯುತ್ತದೆ. ಹಾಗಾಗಿ ಆ ನಾಲ್ಕು ದಿನ ಟಿವಿಗೆ ವಿಶ್ರಾಂತಿ ಕೊಟ್ಟರೆ ಮಿಕ್ಕದ್ದೆಲ್ಲ ಸುಧಾರಿಸಿಕೊಂಡು ಹೋಗುತ್ತದೆ. ಪ್ಲಾನಿನಲ್ಲಿ 'ಅನ್‌ಲಿಮಿಟೆಡ್' ಅಂತಿದ್ದರೂ ಹಾಟ್‌ಸ್ಪಾಟಿಗೆ ಬೇರೆ ಮಿತಿ ಇದೆಯೇ ಅಂತ ಸಣ್ಣ ಅಕ್ಷರದಲ್ಲಿ ಹುಡುಕಿ. ಇರುವುದು ಅಲ್ಲೇ.

ಒಂದು ಉಪಾಯ ಬಹಳ ಜನರಿಗೆ ಗೊತ್ತಿಲ್ಲ. ಹಾಟ್‌ಸ್ಪಾಟಿಗೆ ಹಳೆ ವೈಫೈಯದೇ ಹೆಸರು, ಅದೇ ಪಾಸ್‌ವರ್ಡ್ ಕೊಡಿ. ಹಳೆ ರೂಟರ್ ಆಫ್ ಮಾಡಿದ ಮೇಲೆ ಮನೆಯ ಪ್ರಿಂಟರ್, ಟಿವಿ, ಲ್ಯಾಪ್‌ಟಾಪ್ ಎಲ್ಲ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಒಂದೊಂದಕ್ಕೂ ಪಾಸ್‌ವರ್ಡ್ ಒತ್ತುತ್ತಾ ಕೂರುವ ಕೆಲಸ ಇಲ್ಲ. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಬ್ಯಾಂಡಿನ ವೈಫೈ ಮಾತ್ರ ಅರ್ಥವಾಗುತ್ತದೆ, ಹಾಗಾಗಿ ಹಾಟ್‌ಸ್ಪಾಟನ್ನು ಆ ಬ್ಯಾಂಡಿಗೆ ಹಾಕಿರಬೇಕು. ಆದರೆ ಈ ಉಪಾಯದಲ್ಲೇ ಒಂದು ಗುಂಡಿಯೂ ಇದೆ. ಎಷ್ಟೋ ಸಾಧನಗಳು "ಓ, ನಮ್ಮ ಹಳೇ ವೈಫೈ" ಅಂದುಕೊಂಡು ರಾತ್ರಿಯಿಡೀ ಫೋಟೊ ಬ್ಯಾಕಪ್ಪು, ಗೇಮ್ ಅಪ್‌ಡೇಟು ಅಂತ ಶುರುಮಾಡುತ್ತವೆ, ಬೆಳಗಾಗುವುದರೊಳಗೆ ಡೇಟಾ ಪ್ಯಾಕ್ ಖಾಲಿ. ವಿಂಡೋಸ್‌ನಲ್ಲಿ ಆ ಕನೆಕ್ಷನ್ನನ್ನು 'ಮೀಟರ್ಡ್' (ಡೇಟಾ ಅಳೆದು ಬಳಸಬೇಕಾದದ್ದು) ಅಂತ ಗುರುತು ಮಾಡಿ, ಐಫೋನಿನಲ್ಲಿ ಆ ವೈಫೈಗೆ 'ಲೋ ಡೇಟಾ ಮೋಡ್' ಹಾಕಿ, ಮಿಕ್ಕವುಗಳ ಬ್ಯಾಕಪ್ ಕೈಯಾರೆ ನಿಲ್ಲಿಸಿ.

ಏನೇ ಮಾಡಿದರೂ ಮೊಬೈಲ್ ನೆಟ್ಟಿನಲ್ಲಿ ಕೆಲವು ನಡೆಯುವುದಿಲ್ಲ. ರೂಟರಿನಲ್ಲಿ ಪೋರ್ಟ್ ತೆರೆದು ಹೊರಗಿನಿಂದ ಮನೆಯ ಸಿಸಿಟಿವಿ ನೋಡುವ ವ್ಯವಸ್ಥೆ ಇದ್ದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಮೊಬೈಲ್ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಹೊರಗಿನವರಿಗೆ ಕಾಣುವ ವಿಳಾಸವನ್ನು, ಅನೇಕರಿಗೆ ಹಂಚುವುದರಿಂದ ಹೊರಗಿನವರಿಗೆ ನಿಮ್ಮ ಮನೆಯ ಬಾಗಿಲು ಯಾವುದು ಅಂತ ಗೊತ್ತಾಗುವುದಿಲ್ಲ. ಕ್ಲೌಡ್ ಮೂಲಕ ನೋಡುವ ಕ್ಯಾಮೆರಾಗಳಿಗೆ ಈ ತಕರಾರಿಲ್ಲ.

ಸೇತುವೆಯ ಸಿಮ್ ಯಾವ ಕಂಪನಿಯದ್ದು ಅನ್ನುವುದನ್ನೂ ಯೋಚಿಸಿ. ಬ್ರಾಡ್‌ಬ್ಯಾಂಡ್ ಕೊಡುವವರದ್ದೇ ಸಿಮ್ ಆದರೆ ಒಂದೇ ಕಡೆ ಕೈಕೊಟ್ಟಾಗ ಎರಡೂ ಹೋಗಬಹುದು. ಕೆನಡಾದಲ್ಲಿ 2022ರ ಜುಲೈ 8ರಂದು ರೋಜರ್ಸ್ ಕಂಪನಿಯ ಜಾಲ ಬಿದ್ದಾಗ ಮನೆಯ ನೆಟ್, ಮೊಬೈಲ್ ಎರಡೂ ಒಟ್ಟಿಗೆ ನಿಂತವು. ಆ ಜಾಲವನ್ನು ನೆಚ್ಚಿಕೊಂಡಿದ್ದ ಇಂಟರಾಕ್ ಡೆಬಿಟ್ ಪಾವತಿಯೂ ದೇಶದುದ್ದಕ್ಕೂ ಕೈಕೊಟ್ಟಿತು. 'ಎಲ್ಲ ಒಂದೇ ಬಿಲ್ಲಿನಲ್ಲಿ' ಅನ್ನುವ ಆಫರ್ ನೋಡಿದಾಗಲೆಲ್ಲ ನನಗೆ ಆ ದಿನದ ಸುದ್ದಿ ನೆನಪಾಗುತ್ತದೆ.

ಹಳೆ ಕನೆಕ್ಷನ್ ಬಿಡಿಸುವಾಗ ಬರಹದಲ್ಲೇ ಕೇಳಿ, ಇಮೇಲೋ ಆ್ಯಪ್‌ನ ರಿಕ್ವೆಸ್ಟೋ ಯಾವುದಾದರೂ ಸರಿ, ನಂಬರ್ ಇರಲಿ. ನಾನು ಹಳೆಯದೊಂದನ್ನು ಬಿಡಿಸಿದಾಗ ಫೋನಿನಲ್ಲಿ "ಆಯ್ತು ಸರ್, ಕ್ಲೋಸ್ ಮಾಡಿದೀವಿ" ಅಂದವರು ಮುಂದಿನ ತಿಂಗಳು ಬಿಲ್ ಕಳಿಸಿದರು. ಬರಹದಲ್ಲಿದ್ದದ್ದನ್ನು ಮುಂದಿಟ್ಟ ಮೇಲೆ ಸುಮ್ಮನಾದರು. ರೂಟರ್ ವಾಪಸ್ ಕೊಡುವ ಮುಂಚೆ ಅದರ ಸೀರಿಯಲ್ ನಂಬರಿನ ಫೋಟೊ ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ, ಕೊಟ್ಟದ್ದಕ್ಕೆ ರಸೀದಿ ಇಸಿದುಕೊಳ್ಳಿ. ಆ ಕಂಪನಿ ಕೊಟ್ಟ ಇಮೇಲ್ ವಿಳಾಸವನ್ನೇ ಬ್ಯಾಂಕಿಗೋ ಇನ್ನೆಲ್ಲಿಗೋ ಕೊಟ್ಟಿದ್ದರೆ ಅದನ್ನು ಬದಲಿಸುವುದು ಬಿಡಿಸುವುದಕ್ಕೂ ಮುಂಚಿನ ಕೆಲಸ. ಕನೆಕ್ಷನ್ ಹೋದ ಮೇಲೆ ಆ ವಿಳಾಸಕ್ಕೆ ಬರುವ ಒಟಿಪಿ ನಿಮ್ಮ ಕೈಗೆ ಸಿಗುವ ಖಾತ್ರಿ ಇರುವುದಿಲ್ಲ.