ಬೇಗ ಸಾಯುವವರಿಂದ ಬರುವ ಲಾಭ

ಹೊಗೆ ತಡೆಯುವ ನಿಯಮದಿಂದ ಲಾಭ ಹೆಚ್ಚೋ ವೆಚ್ಚ ಹೆಚ್ಚೋ ಎಂದು ತೂಗುವ ಮತ್ತೊಂದು ವರದಿ ಬಂದಿದೆ. ಹೊಗೆ ತಡೆಯಲು ಕಾರ್ಖಾನೆಗೆ ತಗಲುವ ಖರ್ಚು ಕೊನೆಯ ಕಾಸಿನವರೆಗೆ ಲೆಕ್ಕವಾಗಿದೆ. ಆ ಹೊಗೆ ಕುಡಿಯುವವರ ಕೆಮ್ಮು ಮಾತ್ರ 'ಅಂದಾಜಿಸಲಾಗಿಲ್ಲ' ಎಂಬ ಅಡಿಟಿಪ್ಪಣಿಯಲ್ಲಿ ಮಲಗಿದೆ.

ಹಾನಿ ಮಾಡಿದವರಿಂದಲೇ ಹಾನಿಯಷ್ಟು ತೆರಿಗೆ ಕಟ್ಟಿಸಿಕೊಳ್ಳಿ ಎಂದು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಬರೆದಿದ್ದರು. ಚೌಕಾಸಿಗೆ ಖರ್ಚೇ ಇಲ್ಲದಿದ್ದರೆ ಹಾನಿ ಮಾಡಿದವರೂ ಉಂಡವರೂ ತಾವೇ ಕೂತು ಬಗೆಹರಿಸಿಕೊಳ್ಳಬಹುದು ಎಂದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೋಸ್ 1960ರಲ್ಲಿ ತೋರಿಸಿದರು. ಖರ್ಚು ಇದ್ದೇ ಇರುತ್ತದೆ ಎಂದೂ ಅವರೇ ಹೇಳಿದ್ದರು. ಆ ಪುಟವನ್ನು ಗೆದ್ದಲು ತಿಂದಿರಬೇಕು. ಈಗಿನ ಸಲಹೆಗಾರರ ಪ್ರಕಾರ ಊರಿನ ಉಬ್ಬಸದ ರೋಗಿಗಳೆಲ್ಲ ಚಿಮಣಿಯ ಜೊತೆ ಚೌಕಾಸಿಗೆ ಕೂರಬೇಕು, ಉಸಿರು ಉಳಿದಿದ್ದರೆ.

ನನಗೆ ಅಚ್ಚುಮೆಚ್ಚಿನ ವರದಿ 2001ರದ್ದು. ಫಿಲಿಪ್ ಮಾರಿಸ್ ಸಿಗರೇಟು ಕಂಪನಿಗಾಗಿ ಸಲಹಾ ಸಂಸ್ಥೆಯೊಂದು ಜೆಕ್ ಗಣರಾಜ್ಯದ ಖಜಾನೆಯನ್ನು ತೂಗಿ ನೋಡಿತು. ಸೇದುವವರು ಬೇಗ ಸಾಯುತ್ತಾರೆ. ಆದ್ದರಿಂದ ಪಿಂಚಣಿ ಉಳಿಯಿತು, ಮುಪ್ಪಿನ ಆಸ್ಪತ್ರೆ ಖರ್ಚು ಉಳಿಯಿತು, ವೃದ್ಧರ ವಸತಿ ಖರ್ಚೂ ಉಳಿಯಿತು. ಸಿಗರೇಟಿನ ತೆರಿಗೆ ಕೂಡಿಸಿ, ಚಿಕಿತ್ಸೆಯ ಖರ್ಚು ಕಳೆದರೆ 1999ರಲ್ಲಿ ಸರ್ಕಾರಕ್ಕೆ ಸುಮಾರು 14.7 ಕೋಟಿ ಡಾಲರ್ ನಿವ್ವಳ ಲಾಭ. ಎಂತಹ ದೇಶಸೇವೆ! ಈ ಲೆಕ್ಕದಲ್ಲಿ ಆದರ್ಶ ಪ್ರಜೆ ಯಾರು ಗೊತ್ತೇ? ಕೊನೆಯ ಸಂಬಳದ ತೆರಿಗೆ ಕಟ್ಟಿ, ಬೀಳ್ಕೊಡುಗೆ ಸಮಾರಂಭದ ಹಾರ ಕೊರಳಲ್ಲಿರುವಾಗಲೇ ಕಣ್ಣು ಮುಚ್ಚುವವನು. ಎರಡನೆಯ ಹಾರದ ದುಡ್ಡೂ ಉಳಿತಾಯ. ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ಕಂಪನಿ ಕ್ಷಮೆ ಕೇಳಿತು. ಕೇಳಬಾರದಿತ್ತು. ಉಳಿದವರು ಮುಚ್ಚಿಟ್ಟು ಮಾಡುವ ಲೆಕ್ಕವನ್ನು ಅದು ಬಿಚ್ಚಿಟ್ಟು ಮಾಡಿತ್ತು, ಅಷ್ಟೆ.

ಜೀವಕ್ಕೂ ಪೇಟೆಯ ಏರಿಳಿತವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಲಾಭ-ವೆಚ್ಚದ ಲೆಕ್ಕಗಳಲ್ಲಿ ಒಂದು ಜೀವಕ್ಕೆ ಕಟ್ಟುವ ಬೆಲೆಯನ್ನು 78 ಲಕ್ಷ ಡಾಲರಿನಿಂದ 69 ಲಕ್ಷಕ್ಕೆ ಇಳಿಸಿದ್ದು 2008ರಲ್ಲಿ ಸುದ್ದಿಯಾಯಿತು. ಜೀವ ಅಗ್ಗವಾದರೆ ಅದನ್ನು ಉಳಿಸುವ ನಿಯಮ ತಾನಾಗಿ ದುಬಾರಿಯಾಗಿ ಕಾಣುತ್ತದೆ. ಇನ್ನೂ ಹುಟ್ಟದವರಂತೂ ಚಿಲ್ಲರೆ ಲೆಕ್ಕ: ಮುಂದಿನ ಜೀವದ ಬೆಲೆಗೆ, ಚಕ್ರಬಡ್ಡಿಯನ್ನು ಹಿಂದಕ್ಕೆ ತಿರುಗಿಸಿದಂತೆ, ವರ್ಷಕ್ಕೆ ಶೇ. 5ರಂತೆ ವಟ್ಟಾ ಮುರಿದುಕೊಂಡರೆ, ನೂರು ವರ್ಷದ ನಂತರ ಸಾಯುವ 131 ಮಂದಿ ಸೇರಿ ಇಂದಿನ ಒಬ್ಬನಿಗೆ ಸಮ.

ಇಷ್ಟಾದ ಮೇಲೆ ನಗು ಬರುವುದಿಲ್ಲ. ಹಾನಿ ಯಾರಿಂದ ಎಂಬುದು ಗೊತ್ತು. ಪಿಗೂ ಹೇಳಿದ ಮದ್ದಿಗೆ ನೂರು ವರ್ಷ ದಾಟಿದೆ. ವಸೂಲಿ ಮಾಡುವ ಮನಸ್ಸಿಲ್ಲ. ಇಲ್ಲವೆಂದು ಬಾಯಿಬಿಟ್ಟು ಹೇಳಿ, ಅದಕ್ಕೆ ಇನ್ನೂರು ಪುಟದ ವರದಿ ಏಕೆ?